ತಿಥಿಯುಳ್ಳ ಅತಿಥಿ

‘ಅತಿಥಿ’ ಎಂಬ ಮಾತಿಗೆ ನಮ್ಮ ಹಿರಿಯರು ಹೇಳುತ್ತಿದ್ದ ಅರ್ಥ ಬಹು ಸೊಗಸಾದದ್ದು. ಬರುವುದಕ್ಕೆ ತಿಥಿಯ ಕಟ್ಟಿಲ್ಲದವನು ಅತಿಥಿ. ಇಂಥ ದಿನ ಇಂಥ ಗಾಡಿಗೆ ಬರುತ್ತೇನೆಂದು ಕಾಗದ ಬರೆದು ಬಂದವನು ನೆಂಟನಾದಾನು, ಅತಿಥಿಯಾಗಲಾರ. ಬರುವುದಕ್ಕೆ ತಿಥಿಯಿಲ್ಲ, ಸರಿ. ಹೋಗುವುದಕ್ಕೂ ಇಲ್ಲವಾದರೆ ಮನೆಯೊಡತಿಯ ಪಾಡೇನು? ಈ ಪ್ರಶ್ನೆಯನ್ನು ಶಾಸ್ತ್ರ ಹೇಳಿದವರು ಎತ್ತಿದರೋ ಇಲ್ಲವೋ ನಾನರಿಯೆ. ಛತ್ರ ಕಟ್ಟಿಸಿದವರಂತೂ ಎತ್ತಿದ್ದಾರೆ. ನಮ್ಮ ಅನೇಕ ಛತ್ರಗಳ ಗೋಡೆಯ ಮೇಲೆ, ದಾನಿಗಳ ಹೆಸರಿನ ಕೆಳಗೆ, ಮೂರು ದಿನಕ್ಕಿಂತ ಹೆಚ್ಚು ತಂಗಕೂಡದೆಂಬ ಬರಹವನ್ನು ನೋಡದವರು ಯಾರು?

ಇಂದು ಪರದೇಶಕ್ಕೆ ಹೋಗುವವನು ಈ ಹಳೆಯ ಅತಿಥಿಗೆ ಪೂರ್ತಿ ವಿರುದ್ಧವಾದ ಪ್ರಾಣಿ. ಅವನ ಹೆಸರು, ಊರು, ವೃತ್ತಿ ಯಾವುದೂ ಅಷ್ಟು ಮುಖ್ಯವಲ್ಲ. ವಿಮಾನ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತ ಅಧಿಕಾರಿ ಅವನ ಪಾಸ್‌ಪೋರ್ಟಿನ ಹಾಳೆಯೊಂದರ ಮೇಲೆ ಎರಡು ದಿನಾಂಕಗಳನ್ನೊತ್ತುತ್ತಾನೆ: ಇಂದು ಬಂದೆ, ಇಂಥ ದಿನದವರೆಗೆ ಇರಬಹುದು. ಅಲ್ಲಿಂದ ಮುಂದೆ ಅವನು ಆ ಎರಡನೆಯ ದಿನಾಂಕದ ಪ್ರಜೆ. ಅವನಿಗೆ ಇರುವುದೆಲ್ಲ ತಿಥಿಯೇ.

ಈ ಎರಡನೆಯ ದಿನಾಂಕವನ್ನು ಮುಂದಕ್ಕೆ ಹಾಕಿಸಿಕೊಳ್ಳುವುದಕ್ಕೆ ಲೋಕರೂಢಿಯಲ್ಲಿ ‘ವೀಸಾ ವಿಸ್ತರಣೆ’ ಎಂದು ಹೆಸರು. ಆ ಹೆಸರು ಅಷ್ಟು ಸರಿಯಾದುದಲ್ಲ. ವೀಸಾ ಎನ್ನುವುದು ಬಾಗಿಲಿನ ಬೀಗದ ಕೈಯಿದ್ದಂತೆ. ಒಳಗೆ ಬಂದ ಮೇಲೆ ಅದರ ಕೆಲಸ ಮುಗಿಯಿತು. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಹೇಳುವುದು ಬಾಗಿಲಲ್ಲಿ ಒತ್ತಿದ ಮೊಹರು. ವಿಸ್ತರಿಸುವುದು ಆ ಮೊಹರಿನ ಅನುಮತಿಯನ್ನು. ವೀಸಾದ ಅಗತ್ಯವೇ ಇಲ್ಲದೆ ಒಳಗೆ ಬಂದವನಿಗೂ ಮೊಹರು ತಪ್ಪಿದ್ದಲ್ಲ. ನನ್ನ ಸಂಗತಿ ಇಂಥದ್ದೇ.

2024ರ ಸೆಪ್ಟೆಂಬರ್ 15ರಂದು ನಾನು ಥಾಯ್ಲೆಂಡಿನ ಬ್ಯಾಂಕಾಕಿನಲ್ಲಿ ಇಳಿದೆ. ಆ ದೇಶದವರು ಅದೇ ವರ್ಷ ಜುಲೈ 15ರಿಂದ ಭಾರತವೂ ಸೇರಿದಂತೆ ಅನೇಕ ದೇಶಗಳ ಪ್ರವಾಸಿಗಳಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟಿದ್ದರು. ಅರುವತ್ತು ದಿನವೆಂದರೆ ಎರಡು ತಿಂಗಳು ತಾನೇ ಎಂದು ಯಾರಾದರೂ ಹೇಳುತ್ತಾರೆ. ಮೊಹರಿನ ಗಣಿತ ಹಾಗಿಲ್ಲ. ಕಾಲಿಟ್ಟ ದಿನವೇ ಮೊದಲನೆಯ ದಿನ. ಸೆಪ್ಟೆಂಬರಿನಲ್ಲಿ 16, ಅಕ್ಟೋಬರಿನಲ್ಲಿ 31, ಒಟ್ಟು 47. ನವೆಂಬರ್ 13ಕ್ಕೆ ಅರುವತ್ತು ತುಂಬಿತು. ಎರಡು ತಿಂಗಳೆಂದು ನಂಬಿ ನವೆಂಬರ್ 15ಕ್ಕೆ ಗಂಟು ಕಟ್ಟುವವನು ಎರಡು ದಿನ ಅಪರಾಧಿಯಾಗಿ ಬಾಳಿರುತ್ತಾನೆ, ಅವನಿಗೆ ತಿಳಿಯದೆಯೇ. ನನ್ನ ಹಾಳೆಯಲ್ಲಿ ನವೆಂಬರ್ 13 ಎಂದು ಸ್ಪಷ್ಟವಾಗಿ ಒತ್ತಿತ್ತು.

ನನ್ನ ಪ್ರವಾಸ ಬೆನ್ನುಚೀಲದ ಪ್ರವಾಸ. ದಿನಕ್ಕೆ 500 ಬಾತ್ ಎಂದು ಸಂಕಲ್ಪ. (ಬಾತ್ ಎಂಬುದು ಆ ದೇಶದ ಹಣದ ಹೆಸರು, ನಮ್ಮ ಬಿಸಿಬೇಳೆ ಬಾತಿನ ಬಳಗವಲ್ಲ. ಆಗ ಒಂದು ಬಾತಿಗೆ ಸುಮಾರು ಎರಡೂವರೆ ರೂಪಾಯಿ ಬೆಲೆ.) ಎಂಟು ಮಂಚಗಳ ಕೋಣೆಯಲ್ಲಿ ಒಂದು ಮಂಚಕ್ಕೆ ಇನ್ನೂರೈವತ್ತು ತೆತ್ತರೆ, ಉಳಿದ ಇನ್ನೂರೈವತ್ತರಲ್ಲಿ ಊಟ, ಓಡಾಟ, ಬಟ್ಟೆ ಒಗೆತ ಎಲ್ಲವೂ ಆಗಬೇಕು. ಹಳದಿಯ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳು ಮಾಂಸ ಮುಟ್ಟದವರ ಅಂಗಡಿಗಳೆಂಬ ಗುಟ್ಟು ತಿಳಿದ ಮೇಲೆ ಊಟದ ಚಿಂತೆ ಹಗುರವಾಯಿತು. ಅಯುಥಯ, ಸುಖೋಥೈ ನೋಡಿಕೊಂಡು ಅಕ್ಟೋಬರಿನ ನಡುವೆ ಉತ್ತರದ ಚಿಯಾಂಗ್ ಮಾಯ್ ನಗರವನ್ನು ಸೇರಿದೆ.

ನಗರ ಆಗ ತಾನೇ ಕೆಸರಿನಿಂದ ಎದ್ದು ನಿಂತಿತ್ತು. ಅಕ್ಟೋಬರಿನ ಮೊದಲ ವಾರದಲ್ಲಿ ಪಿಂಗ್ ನದಿ ಉಕ್ಕಿ ತಗ್ಗಿನ ಬೀದಿಗಳನ್ನೆಲ್ಲ ತುಂಬಿಕೊಂಡಿತ್ತು. ನಾನು ಇಳಿದುಕೊಂಡ ತಂಗುಮನೆ ನದಿಯಿಂದ ಬಹು ದೂರವಲ್ಲ. ಕೆಳ ಅಂತಸ್ತಿನ ಗೋಡೆಯ ಮೇಲೆ, ನನ್ನ ಎದೆಯ ಎತ್ತರದಲ್ಲಿ, ನೀರು ನಿಂತ ಗುರುತು ಗೆರೆ ಎಳೆದಂತೆ ಉಳಿದಿತ್ತು. ಹಾಸಿಗೆಗಳು ಬೀದಿಯ ಪಾಲಾಗಿದ್ದವು. ಒಡತಿ, ಐವತ್ತೈದು ದಾಟಿದ ಹೆಂಗಸು, ಮೊಣಕಾಲಿನವರೆಗೆ ರಬ್ಬರು ಬೂಟು ಹಾಕಿಕೊಂಡು ಒಂದೊಂದೇ ಕುರ್ಚಿಯನ್ನು ತೊಳೆದು ಬಿಸಿಲಿಗಿಡುತ್ತಿದ್ದರು. ಆ ನಾಡಿನಲ್ಲೂ ತಮಗಿಂತ ಹಿರಿಯರನ್ನು ಬರಿಯ ಹೆಸರಿನಿಂದ ಕರೆಯುವ ರೂಢಿಯಿಲ್ಲ. ಅಣ್ಣ ಅಕ್ಕ ಎಂದೇ ಕರೆಯುತ್ತಾರೆ. ನಾನೂ ಅವರನ್ನು ಅಕ್ಕ ಎಂದೆ. ಮಹಡಿಯ ಕೋಣೆಯೊಂದು ಒಣಗಿತ್ತು. ಅಲ್ಲಿ ನಾಲ್ಕೈದು ಜನ ಪ್ರವಾಸಿಗಳಿದ್ದೆವು. ಬೆಳಗ್ಗೆ ಎರಡು ಗಂಟೆಯ ಹೊತ್ತು ಅಕ್ಕನೊಂದಿಗೆ ಕೆಸರು ಬಳಿಯುವುದು, ಆಮೇಲೆ ಊರು ನೋಡುವುದು, ಇದು ನಮ್ಮ ದಿನಚರಿಯಾಯಿತು. ಯಾರೂ ಕೇಳಿಕೊಳ್ಳಲಿಲ್ಲ, ಯಾರೂ ಒಪ್ಪಿಕೊಳ್ಳಲಿಲ್ಲ. ಪೊರಕೆ ಕೈಗೆ ಸಿಕ್ಕಿತು, ಅಷ್ಟೇ.

ಒಂದು ದಿನ ಅಕ್ಕ, “ಹುಣ್ಣಿಮೆಗೆ ಇರುತ್ತೀರಲ್ಲ?” ಎಂದು ಕೇಳಿದರು. ನವೆಂಬರ್ 15ರ ಹುಣ್ಣಿಮೆ. ನಮ್ಮ ಪಂಚಾಂಗದಲ್ಲಿ ಅದು ಕಾರ್ತಿಕ ಪೂರ್ಣಿಮೆ. ಅವರಲ್ಲಿ ಲೋಯ್ ಕ್ರಥೊಂಗ್ ಹಬ್ಬ. ಉತ್ತರದವರು ಅದೇ ಹೊತ್ತಿಗೆ ಯೀ ಪೆಂಗ್ ಎಂಬ ತಮ್ಮ ಹಬ್ಬವನ್ನೂ ಆಚರಿಸುತ್ತಾರೆ. ಬಾಳೆದಿಂಡಿನ ಬಿಲ್ಲೆಯೊಂದಕ್ಕೆ ಬಾಳೆಯೆಲೆಯನ್ನು ದಳದಳವಾಗಿ ಮಡಿಸಿ ಸುತ್ತುತ್ತಾರೆ. ನಡುವೆ ಹೂವು, ಊದುಬತ್ತಿ, ಮೇಣದ ದೀಪ. ಅದನ್ನು ನದಿಯಲ್ಲಿ ತೇಲಿಬಿಟ್ಟು, ವರ್ಷವೆಲ್ಲ ನಿನ್ನ ನೀರನ್ನು ಬಳಸಿದೆವು, ಕೊಳೆ ಮಾಡಿದೆವು, ಕ್ಷಮಿಸು ಎಂದು ಜಲದೇವತೆಯನ್ನು ಬೇಡಿಕೊಳ್ಳುತ್ತಾರೆ. ಆ ದೇವತೆಯ ಹೆಸರು ಮೇ ಖೊಂಗ್‌ಖಾ. ‘ಮೇ’ ಎಂದರೆ ತಾಯಿ. ‘ಖೊಂಗ್‌ಖಾ’ ನಮ್ಮ ಗಂಗೆಯೇ. ಕಾವೇರಿಗೆ ಬಾಗಿನ ಬಿಡುವ ನಾಡಿನಿಂದ ಹೋದ ನನಗೆ ಇದರ ವಿವರಣೆ ಬೇಕಾಗಲಿಲ್ಲ. ಆದರೆ ಒಂದು ಮಾತು ಮನಸ್ಸಿಗೆ ನಾಟಿತು. ಮನೆಯೊಳಕ್ಕೆ ನುಗ್ಗಿ ಹಾಸಿಗೆ ಹೊತ್ತೊಯ್ದ ನದಿ ಅದು. ಅದೇ ನದಿಯ ಮುಂದೆ ಕುಳಿತು ಈ ಹೆಂಗಸು ತಾನು ಕ್ಷಮೆ ಕೇಳಲು ಸಿದ್ಧಳಾಗಿದ್ದಾಳೆ. “ಈ ವರ್ಷ ಅವಳೇ ನಿಮ್ಮ ಕ್ಷಮೆ ಕೇಳಬೇಕಲ್ಲವೆ, ಅಕ್ಕ?” ಎಂದೆ. ಅಕ್ಕ ನಕ್ಕು, “ಇಬ್ಬರೂ ಕೇಳಿಕೊಳ್ಳುತ್ತೇವೆ” ಎಂದರು. ಆ ದಿನ ಅಲ್ಲಿರಬೇಕೆಂದು ಆಗಲೇ ನಿಶ್ಚಯಿಸಿದೆ.

ನಿಶ್ಚಯಿಸುವುದು ಸುಲಭ. ನನ್ನ ತಿಥಿ 13, ಹುಣ್ಣಿಮೆ 15, ಬೇಗನೆಂದರೂ ನಾನು ಹೊರಡಬಹುದಾದದ್ದು 16.

ಇಲ್ಲಿ ಗಣಿತ ಶುರುವಾಯಿತು. ಥಾಯ್ಲೆಂಡಿನ ವಲಸೆ ಕಚೇರಿಯಲ್ಲಿ ಅರ್ಜಿ ಕೊಟ್ಟರೆ, ಅಧಿಕಾರಿಯ ಮನಸ್ಸಿಗೆ ಒಪ್ಪಿಗೆಯಾದರೆ, ಪ್ರವಾಸಿಗೆ ಇನ್ನು 30 ದಿನ ಸಿಗುತ್ತಿತ್ತು. ಶುಲ್ಕ 1,900 ಬಾತ್. ನಮ್ಮ ರೂಪಾಯಿಯಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಕ್ಕು. ನನ್ನ ಸಂಕಲ್ಪದ ಪ್ರಕಾರ ಸುಮಾರು ನಾಲ್ಕು ದಿನದ ಬದುಕು. ಮೂರು ದಿನ ಬೇಕೆಂದವನಿಗೆ ಮೂರು ದಿನವನ್ನಷ್ಟೇ ಚಿಲ್ಲರೆಯಾಗಿ ಮಾರುವ ಪದ್ಧತಿಯಿಲ್ಲ. ಒಂದು ಬಟ್ಟಲು ಹಾಲು ಬೇಕಾದರೂ ಹಸುವಿನ ಬೆಲೆಯೇ. ಇನ್ನೊಂದೆಡೆ, ಅವಧಿ ಮೀರಿ ಉಳಿದವನಿಗೆ ದಂಡ ದಿನಕ್ಕೆ 500 ಬಾತ್. ಎಷ್ಟೇ ದಿನವಾದರೂ 20,000ಕ್ಕೆ ಮೀರದು. ಮೂರು ದಿನಕ್ಕೆ 1,500.

ಪಕ್ಕದ ಮಂಚದ ತರುಣ ಈ ಲೆಕ್ಕವನ್ನು ನನಗಿಂತ ಮೊದಲೇ ಮಾಡಿದ್ದ. ಅವನು ಬಹು ದೂರದ ದೇಶದವನು, ಸರಳ ಸ್ವಭಾವದವನು, ಕೆಸರು ಬಳಿಯುವುದರಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಗ. ಅವನ ಅವಧಿ 14ಕ್ಕೆ ಮುಗಿಯುತ್ತಿತ್ತು; ಹೊರಡುವುದು 16ಕ್ಕೆ. “ಎರಡು ದಿನಕ್ಕೆ ಸಾವಿರ. ಕಚೇರಿಗೆ ಹೋದರೆ ಸಾವಿರದ ಒಂಬೈನೂರು, ಜೊತೆಗೆ ಅರ್ಧ ದಿನ ಹಾಳು. ನಿಮಗೂ ನಾನೂರು ಉಳಿಯುತ್ತದೆ. ವಿಮಾನ ನಿಲ್ದಾಣದಲ್ಲಿ ಕಟ್ಟಿ ಹೋಗುವುದು ತಾನೇ? ಇದೂ ಒಂದು ಬಗೆಯ ಶುಲ್ಕವೇ” ಎಂದ. ಟಿಕೆಟ್ಟಿನ ದಿನ ಬದಲಿಸುವ ಖರ್ಚು ಎರಡು ದಾರಿಯಲ್ಲೂ ಒಂದೇ. ಕಾಗದದ ಮೇಲೆ ಅವನ ಲೆಕ್ಕದಲ್ಲಿ ಒಂದು ಬಿಂದುವೂ ತಪ್ಪಿರಲಿಲ್ಲ.

ಆದರೆ ಕಾಗದದ ಮೇಲೆ ಬಾರದ ಸಂಗತಿಗಳಿವೆ. ಆ ದೇಶದ ವಲಸೆ ಕಾನೂನು 1979ರದು. ಅವರ ಬುದ್ಧಶಕದಲ್ಲಿ 2522. ಅವಧಿ ಮೀರಿ ಉಳಿಯುವುದು ಅದರ ಪ್ರಕಾರ ಅಪರಾಧ. 2016ರ ಮಾರ್ಚ್ 20ರಿಂದ ಜಾರಿಗೆ ಬಂದ ಕಟ್ಟಳೆಯಲ್ಲಿ ಎರಡು ಬಗೆಯ ಶಿಕ್ಷೆ ಹೇಳಿದೆ. ತಾನಾಗಿಯೇ ನಿಲ್ದಾಣಕ್ಕೆ ಬಂದು ಒಪ್ಪಿಸಿಕೊಂಡವನಿಗೆ, ಮೀರಿದ್ದು 90 ದಿನದೊಳಗಾದರೆ, ದಂಡ ಮಾತ್ರ. 90 ದಿನ ದಾಟಿದರೆ ಒಂದು ವರ್ಷ ಆ ದೇಶಕ್ಕೆ ಮರುಪ್ರವೇಶವಿಲ್ಲ. ಕಾಲ ಹೆಚ್ಚಿದಂತೆ ನಿಷೇಧ ಹತ್ತು ವರ್ಷದವರೆಗೂ ಏರುತ್ತದೆ. ನಿಲ್ದಾಣ ಸೇರುವ ಮೊದಲೇ ಪೋಲೀಸರ ಕೈಗೆ ಸಿಕ್ಕಿಬಿದ್ದವನ ಕಥೆಯೇ ಬೇರೆ: ಮೀರಿದ್ದು ಒಂದೇ ದಿನವಾದರೂ ಐದು ವರ್ಷ ನಿಷೇಧ, ಒಂದು ವರ್ಷಕ್ಕೂ ಮೀರಿದ್ದರೆ ಹತ್ತು ವರ್ಷ. ಹಾಗಾದರೆ ನನ್ನ ಮೂರು ದಿನದ ಬೆಲೆ ಸಾವಿರದೈನೂರೆಂದು ಹೇಳುವುದು ಹೇಗೆ? ನಿಲ್ದಾಣದಲ್ಲಿ ಅದು ಸಾವಿರದೈನೂರು. ಬೀದಿಯ ತಿರುವಿನಲ್ಲಿ ಐದು ವರ್ಷ. ಹೊತ್ತಿಗೊಂದು ಸ್ಥಳಕ್ಕೊಂದು ಆಗುವ ಬೆಲೆ ಬೆಲೆಯಲ್ಲ, ಜೂಜು.

ಸಿಕ್ಕಿಬೀಳುವ ಸಂಭವ ತೀರ ಕಡಮೆ ಎಂದು ತರುಣ ಹೇಳಿದ. ಅದೂ ನಿಜವೇ. ನನ್ನನ್ನು ಕೊನೆಗೆ ಒಂದು ಕಡೆಗೆ ತಿರುಗಿಸಿದ್ದು ಭಯವೊಂದೇ ಅಲ್ಲ. ಶುಲ್ಕಕ್ಕೂ ದಂಡಕ್ಕೂ ಇರುವ ವ್ಯತ್ಯಾಸ ಮೊತ್ತದಲ್ಲಿಲ್ಲ. ಯಾವುದು ಮೊದಲು ಬರುತ್ತದೆಂಬುದರಲ್ಲಿದೆ. ಶುಲ್ಕದಲ್ಲಿ ಕೇಳುವುದು ಮೊದಲು, ಇರುವುದು ಆಮೇಲೆ. ದಂಡದಲ್ಲಿ ಇರುವುದು ಮೊದಲು. ಕೇಳುವುದು ಇಲ್ಲವೇ ಇಲ್ಲ. ನೆರೆಮನೆಯ ಹಿತ್ತಲಿನಲ್ಲಿ ಹೂ ಬಿಡಿಸುವವರನ್ನು ನೋಡಿ. “ನಾಲ್ಕು ಹೂ ತೆಗೆದುಕೊಳ್ಳಲೇ ಅಮ್ಮ?” ಎಂದು ಕೇಳಿದವರ ಬುಟ್ಟಿಯಲ್ಲೂ ಅದೇ ನಾಲ್ಕು ಹೂ, ಕೇಳದೆ ಬಿಡಿಸಿದವರ ಬುಟ್ಟಿಯಲ್ಲೂ ಅದೇ ನಾಲ್ಕು ಹೂ. ದೇವರಿಗೇನೋ ಎರಡೂ ಒಂದೇ ಇರಬಹುದು. ಮರುದಿನ ಬೇಲಿಯಾಚೆ ಮುಖ ಕಂಡಾಗ ಎರಡೂ ಒಂದೇ ಅಲ್ಲ. ನದಿಯ ಕ್ಷಮೆ ಕೇಳುವ ಹಬ್ಬಕ್ಕೆ, ನೆಲದ ಒಡೆಯನನ್ನು ಕೇಳದೆ ಉಳಿದು ಹೋಗುವುದು ನನಗೆ ಸರಿಕಾಣಲಿಲ್ಲ. ನಾನೂರು ಬಾತಿನ ಆಸೆ ಬಿಟ್ಟೆ.

ಅರ್ಜಿಯ ನಮೂನೆಗೆ ಟಿ.ಎಂ. 7 ಎಂದು ಹೆಸರು. ಅದರೊಡನೆ 4 ಸೆಂಟಿಮೀಟರ್ ಅಗಲ 6 ಸೆಂಟಿಮೀಟರ್ ಎತ್ತರದ ಭಾವಚಿತ್ರ, ಪಾಸ್‌ಪೋರ್ಟಿನ ಮುಖ್ಯ ಹಾಳೆಯ ಮತ್ತು ಮೊಹರಿನ ಹಾಳೆಯ ಜೆರಾಕ್ಸ್, ಪ್ರತಿಯೊಂದರ ಮೇಲೂ ಸಹಿ. ಇಷ್ಟನ್ನು ಪ್ರವಾಸಿ ತಾನೇ ಹೊಂದಿಸಿಕೊಳ್ಳಬಲ್ಲ. ಇನ್ನೊಂದು ಕಾಗದವಿದೆ, ಅದು ಅವನ ಕೈಯಲ್ಲಿಲ್ಲ. ವಿದೇಶಿಯೊಬ್ಬ ತನ್ನ ಮನೆಯಲ್ಲಿ ಇಳಿದನೆಂಬುದನ್ನು ಮನೆಯ ಒಡೆಯರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂದು ಅದೇ ಕಾನೂನು ವಿಧಿಸುತ್ತದೆ. ಆ ತಿಳಿವಳಿಕೆಯ ನಮೂನೆಗೆ ಟಿ.ಎಂ. 30 ಎಂದು ಹೆಸರು. ಅದರ ರಸೀದಿಯನ್ನು ಕಚೇರಿಯವರು ಕೇಳುತ್ತಾರೆ. ಅತಿಥಿಯ ಅರ್ಜಿಗೆ ಆತಿಥೇಯನ ಸಾಕ್ಷಿ ಬೇಕು.

ಅಕ್ಕನ ಕಾಗದಪತ್ರಗಳೆಲ್ಲ ಪ್ರವಾಹದಲ್ಲಿ ನೆನೆದು ಮುದ್ದೆಯಾಗಿದ್ದವು. ಗಣಕಯಂತ್ರ ನೀರು ಕುಡಿದು ಸತ್ತಿತ್ತು. ಆದರೂ ನಾನು ಬಂದ ಮಾರನೆಯ ದಿನವೇ, ಮಗಳ ಕೈಯಲ್ಲಿ ಫೋನಿನಿಂದಲೇ ವಿವರ ಕಳುಹಿಸಿದ್ದರು. ರಸೀದಿಯೊಂದನ್ನು ಅಚ್ಚು ಹಾಕಿಸಬೇಕಿತ್ತು. ಆ ಬೀದಿಯ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಅಕ್ಕ ಬೂಟು ಕಳಚಿ, ಕೈಕಾಲು ತೊಳೆದು, ಮಗಳ ಸ್ಕೂಟರಿನ ಹಿಂದೆ ಕುಳಿತು, ಊರಿನ ಮತ್ತೊಂದು ಭಾಗಕ್ಕೆ ಹೋಗಿ ಅದನ್ನು ತಂದುಕೊಟ್ಟರು. ನಾನು ಹೋಗುತ್ತೇನೆಂದರೆ ಕೇಳಲಿಲ್ಲ. “ನಿಮ್ಮನ್ನು ಇರಿ ಎಂದವಳು ನಾನು. ಕಾಗದ ಕೊಡಬೇಕಾದವಳೂ ನಾನೇ” ಎಂದರು. ಒಂದು ಹಾಳೆಯ ರಸೀದಿಯನ್ನು ನಾನು ಅಷ್ಟು ಜೋಪಾನವಾಗಿ ಹಿಡಿದದ್ದು ಜೀವಮಾನದಲ್ಲಿ ಅದೇ ಮೊದಲು.

ನವೆಂಬರ್ 11, ಸೋಮವಾರ. ಕಚೇರಿ ವಿಮಾನ ನಿಲ್ದಾಣಕ್ಕೆ ಹತ್ತಿರ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಸಾಲು ಬೆಳೆದಿತ್ತು. ಕಚೇರಿಯ ಸಾಲಿನಲ್ಲಿ ನಿಲ್ಲುವ ವಿದ್ಯೆ ನಮಗೆ ಹುಟ್ಟಿನಿಂದ ಬಂದದ್ದು. ಪಡಿತರದ ಅಂಗಡಿಯಲ್ಲೂ ರೈಲ್ವೆ ನಿಲ್ದಾಣದಲ್ಲೂ ಅಭ್ಯಾಸವಾದದ್ದು. ಆದರೆ ಸ್ವಂತ ದೇಶದ ಸಾಲಿಗೂ ಪರದೇಶದ ಸಾಲಿಗೂ ಭೇದವಿದೆ. ಇಲ್ಲಿ ತಡವಾದರೆ ಗೊಣಗಬಹುದು, ಮುಂದಿನವನೊಡನೆ ಸರ್ಕಾರವನ್ನು ಬೈಯಬಹುದು. ಅಲ್ಲಿ ಎಲ್ಲರೂ ಮದುವೆಮನೆಗೆ ಮೊದಲ ಸಲ ಬಂದ ಅಳಿಯಂದಿರಂತೆ ಮೌನ. ಎದುರಿಗೆ ಕುಳಿತವರ ಒಂದು ಒಪ್ಪಿಗೆಯ ಮೇಲೆ ತಮ್ಮ ಮುಂದಿನ ತಿಂಗಳು ನಿಂತಿದೆಯೆಂಬುದು ಎಲ್ಲರಿಗೂ ಗೊತ್ತು. ಅದು ಹಕ್ಕಲ್ಲ, ಕೊಡಬಹುದು, ಕೊಡದಿರಬಹುದು. ಇಪ್ಪತ್ತರ ಹುಡುಗನೂ ಎಪ್ಪತ್ತರ ಮುದುಕನೂ, ಸಿರಿವಂತ ದೇಶದವನೂ ಬಡ ದೇಶದವನೂ, ಟೋಕನ್ ಹಿಡಿದು ಒಂದೇ ಬೆಂಚಿನ ಮೇಲೆ ಕುಳಿತಿದ್ದರು.

ನನ್ನ ಸರದಿ ಬಂದಾಗ ಸಮವಸ್ತ್ರದ ಅಧಿಕಾರಿಣಿ ಕಾಗದಗಳನ್ನು ಒಂದೊಂದಾಗಿ ತಿರುವಿ, ಟಿ.ಎಂ. 30ರ ರಸೀದಿಯ ವಿಳಾಸದ ಮೇಲೆ ಬೆರಳಿಟ್ಟು, “ಅಲ್ಲಿ ನೀರು ಬಂದಿತ್ತಲ್ಲ?” ಎಂದು ಕೇಳಿದರು. ಬಂದಿತ್ತೆಂದೆ. “ಇನ್ನೂ ಏಕೆ ಇರಬೇಕು?” ಎಂದರು. “ಲೋಯ್ ಕ್ರಥೊಂಗ್” ಎಂದೆ. ಮುಖದಲ್ಲಿ ಒಂದು ಗಳಿಗೆ ನಗೆ ಮೂಡಿತು. 1,900 ಬಾತ್ ಎಣಿಸಿಕೊಂಡು ರಸೀದಿ ಕೊಟ್ಟರು. ಮಧ್ಯಾಹ್ನಕ್ಕೆ ಮೊದಲೇ ಪಾಸ್‌ಪೋರ್ಟು ಕೈಗೆ ಬಂತು. ಹೊಸ ತಿಥಿ ಡಿಸೆಂಬರ್ 13.

ಹುಣ್ಣಿಮೆಯ ಸಂಜೆ ಅಕ್ಕ, ಅವರ ಮಗಳು, ನಾವು ನಾಲ್ವರು ಪ್ರವಾಸಿಗಳು, ನವರತ್ ಸೇತುವೆಯ ಕೆಳಗಿನ ದಂಡೆಗೆ ಹೋದೆವು. ಜನ ಜಾತ್ರೆಯಂತೆ ನೆರೆದಿತ್ತು. ಜನಸಂದಣಿ ಇದ್ದಲ್ಲಿ ಪೋಲೀಸರಿರುವುದು ಸಹಜ. ಅವರು ಯಾರ ಕಾಗದವನ್ನೂ ಕೇಳುತ್ತಿರಲಿಲ್ಲ. ಮಕ್ಕಳು ನೀರಿಗೆ ಬೀಳದಂತೆ ನೋಡುತ್ತಿದ್ದರು. ಆದರೂ ನನ್ನ ಗೆಳೆಯ ತರುಣ, ಹಿಂದಿನ ದಿನವೇ ಅವಧಿ ಮುಗಿದಿದ್ದವನು, ಸಮವಸ್ತ್ರ ಕಂಡಾಗಲೆಲ್ಲ ಬೇರೆ ಕಡೆಗೆ ಮುಖ ತಿರುಗಿಸುತ್ತಿದ್ದ. ದೀಪ ಬಿಡಲು ಎಲ್ಲರೂ ಮೆಟ್ಟಿಲಿಳಿದಾಗ ಅವನು ಮೇಲೆಯೇ ಉಳಿದ. ಕೆಳಗೆ ಇಬ್ಬರು ಪೋಲೀಸರು ನಿಂತಿದ್ದರು. ಅವನ ದೀಪವನ್ನು ಅಕ್ಕನ ಮಗಳು ತೇಲಿಬಿಟ್ಟಳು. ಮರುದಿನ ಅವನು ನಿಲ್ದಾಣದಲ್ಲಿ ಸಾವಿರ ಬಾತ್ ಕಟ್ಟಿ ಸುಖವಾಗಿ ಊರಿಗೆ ಹೋದ. ಅವನಿಗೆ ಯಾವ ಕೇಡೂ ಆಗಲಿಲ್ಲ. ಆಗಬೇಕೆಂದು ನನಗೂ ಇರಲಿಲ್ಲ. ಒಂಬೈನೂರು ಬಾತ್ ಅವನಿಗೆ ಉಳಿಯಿತು. ಮೆಟ್ಟಿಲಿಳಿಯುವುದೊಂದು ಉಳಿದುಹೋಯಿತು.

ನಾನು 18ರಂದು ಹೊರಟೆ. ಕೊಂಡ ಮೂವತ್ತು ದಿನಗಳಲ್ಲಿ ಬಳಸಿದ್ದು ಐದು. ಇಪ್ಪತ್ತೈದನ್ನು ಥಾಯ್ ಸರ್ಕಾರಕ್ಕೇ ಬಿಟ್ಟುಬಂದೆ. ನಷ್ಟವೆಂದು ತೋರಲಿಲ್ಲ. ಆ ಐದು ದಿನ ಯಾರನ್ನು ಕಂಡರೂ ಮುಖ ತಿರುಗಿಸದೆ ನಡೆದೆ.

ಇಂಥ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದಲ್ಲೂ ವರ್ಷದಿಂದ ವರ್ಷಕ್ಕೆ ಬೇರೆ. 2023ರ ನವೆಂಬರಿಗೆ ಮೊದಲು ಇದೇ ಥಾಯ್ಲೆಂಡಿನಲ್ಲಿ ನಿಲ್ದಾಣದಲ್ಲೇ ವೀಸಾ ಪಡೆಯುತ್ತಿದ್ದ ನಮ್ಮವರು 2,000 ಬಾತ್ ತೆತ್ತು ಹದಿನೈದು ದಿನ ಪಡೆಯುತ್ತಿದ್ದರು. ಆದ್ದರಿಂದ ಹೊರಡುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಬೇಕು, ನನ್ನ ಲೆಕ್ಕವನ್ನಲ್ಲ. ಮೊಹರು ಒತ್ತಿದ ಕೂಡಲೇ ಗೂಡಿನ ಮುಂದೆಯೇ ನಿಂತು ಎರಡನೆಯ ದಿನಾಂಕವನ್ನು ಓದಿಕೊಳ್ಳಬೇಕು. ಉಳಿಯುವ ಮನಸ್ಸಾದರೆ, ಅವಧಿಯಿರುವಾಗಲೇ, ನಡುವೆ ರಜಾದಿನಗಳಿವೆಯೇ ಎಂದು ನೋಡಿಕೊಂಡು, ಹೋಗಿ ಕೇಳಬೇಕು. ಅಗ್ಗದ ಪ್ರವಾಸಕ್ಕೆ ಹೊರಟವನು ಆ ಶುಲ್ಕವನ್ನು ಮೊದಲೇ ಬೇರೆ ಗಂಟಿನಲ್ಲಿ ಕಟ್ಟಿಟ್ಟರೆ ಕೊನೆಯ ವಾರದಲ್ಲಿ ಜೂಜಿನ ಮಾತು ಏಳುವುದಿಲ್ಲ.

ಇದು ಹೋಗುವವರಿಗೆ ಹೇಳುವ ಮಾತು. ಮನೆಯಲ್ಲೇ ಇರುವವರಿಗೂ ಒಂದು ಮಾತಿದೆ. ನಮ್ಮ ದೇಶಕ್ಕೆ ಬರುವ ವಿದೇಶಿಯೂ ತಿಥಿಯುಳ್ಳ ಅತಿಥಿಯೇ. ನಾವು ಕೊಡುವ ಮೂವತ್ತು ದಿನದ ಇ-ಪ್ರವಾಸಿ ವೀಸಾಕ್ಕೆ ವಿಸ್ತರಣೆಯಿಲ್ಲ. ಬೇರೆ ವೀಸಾಗಳ ಮೇಲೆ ಬಂದವರ ಇಂಥ ಅರ್ಜಿಗಳನ್ನು ನೋಡಿಕೊಳ್ಳುವ ವಿದೇಶಿಯರ ನೋಂದಣಿ ಕಚೇರಿ ಬೆಂಗಳೂರಿನಲ್ಲಿದೆ. 2018ರಿಂದ ಅಲ್ಲಿಯ ಬಹಳಷ್ಟು ಕೆಲಸ ಅಂತರ್ಜಾಲದಲ್ಲೇ ನಡೆಯುತ್ತದೆ. ವಿದೇಶಿಯನ್ನು ಮನೆಯಲ್ಲಿರಿಸಿಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ವಿಧಿ ನಮ್ಮಲ್ಲೂ ಉಂಟು. ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರಿಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟ ಮನೆಗಳು ಎಷ್ಟೋ ಇವೆ. “ಅಂಕಲ್, ಒಂದು ಕಾಗದ ಬೇಕು” ಎಂದು ಅವರು ಬಾಗಿಲಿಗೆ ಬಂದಾಗ, ‘ಬಾಡಿಗೆ ಬರುತ್ತಿದೆಯಲ್ಲ, ಇದೆಲ್ಲ ತಾಪತ್ರಯ ಯಾಕೆ? ನಾಳೆ ನೋಡೋಣ’ ಎನ್ನುವುದು ನಮಗೆ ಸುಲಭ. ನಮ್ಮ ಒಂದು ನಾಳೆ ಅವರ ಹಾಳೆಯ ಎರಡನೆಯ ದಿನಾಂಕವನ್ನು ದಾಟಿಬಿಡಬಹುದು.

ಅತಿಥಿಗೆ ಊಟ ಬಡಿಸುವುದೂ ಹಾಸಿಗೆ ಹಾಸುವುದೂ ನಮಗೆ ಯಾರೂ ಕಲಿಸಬೇಕಾಗಿಲ್ಲ. ಈ ಕಾಲದ ಆತಿಥ್ಯಕ್ಕೆ ಇನ್ನೊಂದು ಉಪಚಾರ ಸೇರಿದೆ: ಹೊತ್ತಿಗೆ ಸರಿಯಾಗಿ ಒಂದು ಕಾಗದಕ್ಕೆ ಸಹಿ ಹಾಕಿ ಕೊಡುವುದು. ಅದಕ್ಕೆ ಹಿಡಿಯುವುದು ಐದು ನಿಮಿಷ. ಪಡೆದುಕೊಂಡವನು ಅದರ ಬಲದಿಂದ ತಲೆಯೆತ್ತಿ ಒಂದು ತಿಂಗಳು ನಡೆಯುತ್ತಾನೆ.